ಬಿಳಿಕೆರೆಯವರೆಗೆ ಒಂದೇ ದಾರಿ

ಟಿವಿಯಲ್ಲಿ ಆ ಪಾರ್ಕಿನ ಜಾಹೀರಾತು ಬಂದರೆ ನಮ್ಮ ಮನೆಯಲ್ಲಿ ಈಗಲೂ ಯಾರಾದರೊಬ್ಬರು ಚಾನೆಲ್ ಬದಲಾಯಿಸುತ್ತಾರೆ. ನನಗಾಗಿ ಬದಲಾಯಿಸುತ್ತಾರೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. “ಇರ್ಲಿ ಬುಡ್ರಿ, ನಾನೇನು ಬಿದ್ದು ಹೊರಳಾಡಲ್ಲ” ಅಂತ ಒಂದು ಸಲ ಗದರಿದ್ದೂ ಉಂಟು. ಕೋಪ ಮಾಡಿಕೊಳ್ಳುವುದರಲ್ಲಿ ರಾವಂದೂರಿನ ಸುತ್ತಮುತ್ತ ನನ್ನನ್ನು ಮೀರಿಸುವವರು ಕಡಿಮೆ. ಆ ದಿನದ ಮೇಲೂ ಒಂದಿಷ್ಟು ಕೋಪ ಇರಬೇಕಲ್ಲ ಅಂತ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಅವತ್ತು ಸಂಜೆ ನನ್ನ ಚಿಕ್ಕ ಮಗಳನ್ನು ನನ್ನ ಅಕ್ಕನಿಗೆ ಕೊಡಬೇಕಾಗಿತ್ತು. ಸಾಕಿಕೊಳ್ಳಲು, ಶಾಶ್ವತವಾಗಿ. ನಮ್ಮ ಕಡೆ ಇದಕ್ಕೆ ಮಡಿಲಿಗೆ ಹಾಕುವುದು ಅನ್ನುತ್ತಾರೆ. ಅಕ್ಕನನ್ನು ಕೊಟ್ಟಿರುವುದು ಭೇರ್ಯಕ್ಕೆ; ಭಾವನಿಗೆ ಅಲ್ಲಿ ಗೊಬ್ಬರದ ಅಂಗಡಿ ಇದೆ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳ ಹೊಟ್ಟೆಯಲ್ಲಿ ಒಂದು ಮಗು ನಿಲ್ಲಲಿಲ್ಲ. ಕೊನೆಯದು ಏಳು ತಿಂಗಳಿಗೆ ಹೋದಾಗ ಡಾಕ್ಟರು ಇನ್ನು ಬೇಡವೇ ಬೇಡ ಅಂದುಬಿಟ್ಟರು. ಆಸ್ಪತ್ರೆಯಿಂದ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊಟ ಬೇಡ, ಮಾತು ಬೇಡ. ನೋಡಲು ಹೋದಾಗ ನನ್ನ ಚಿಕ್ಕವಳು ಮಂಚ ಹತ್ತಿ ಅವಳ ಬೆನ್ನಿನ ಮೇಲೆ ಕುದುರೆ ಆಡಿದಳು ನೋಡಿ, ಆಗ ಎದ್ದು ಕೂತಳು. ಒಂದು ಲೋಟ ಹಾಲನ್ನೂ ಕುಡಿದಳು. ಪಕ್ಕದಲ್ಲೇ ಇದ್ದ ನಮ್ಮವ್ವ ಅದನ್ನು ನೋಡಿದಳು. ಮುಂದಿನ ವಾರ ನಮ್ಮೂರಿಗೆ ಬಂದು ಅಡುಗೆಮನೆ ಬಾಗಿಲಲ್ಲಿ ಕೂತಳು.

“ನಿಂಗೆ ಎರಡವೆ ಕಣಮ್ಮಿ,” ಅಂದಳು. “ಅವಳಿಗೆ ಒಂದೂ ಇಲ್ಲ. ನಾನು ಕೇಳ್ತಾ ಇಲ್ಲ, ನೀನೇ ಯೋಚ್ನೆ ಮಾಡು.”

ಇದು ಕೇಳುವುದಲ್ಲದೆ ಇನ್ನೇನು? ನಾನು ರೊಟ್ಟಿ ತಟ್ಟುತ್ತಿದ್ದೆ. ಹೆಂಚಿನ ಮೇಲಿದ್ದದ್ದನ್ನು ಮಗುಚಿ ಹಾಕಿ, “ಕರ್ಕೊಂಡೋಗ್ಲಿ ಬುಡು” ಅಂದೆ. ಪಾತ್ರೆ ಕೇಳಿದವರಿಗೆ ಹೇಳುವ ಹಾಗೆ. ಯಜಮಾನರು ಹೊರಗಿನಿಂದಲೇ, “ನಿಮ್ಮಕ್ಕನ ಮನೆ ಏನು ಬ್ಯಾರೇರ ಮನೆಯಾ? ಯಾವಾಗ ಬೇಕಾದ್ರೂ ಓಗಿ ನೋಡ್ಕಂಡ್ ಬರ್ಬೋದು” ಅಂದರು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಅಕ್ಕನನ್ನು ನೆನೆದರೆ ಅಯ್ಯೋ ಅನ್ನಿಸುತ್ತಿತ್ತು, ಅದು ದೇವರಾಣೆಗೂ ನಿಜ. ಆದರೆ ಆ ಮಾತು ಬಾಯಿಂದ ಬಿದ್ದ ಗಳಿಗೆಯಿಂದ ನನಗೆ ಒಳಗೆಲ್ಲ ಜೋಮು ಹಿಡಿದಂತಾಯಿತು. ಬಹಳ ಹೊತ್ತು ಮಡಿಸಿ ಕೂತ ಕಾಲನ್ನು ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡರೆ ನಿದ್ದೆ ಅನ್ನುವುದು ಹತ್ತಿರ ಸುಳಿಯುತ್ತಿರಲಿಲ್ಲ. ಪಕ್ಕದಲ್ಲಿ ಚಿಕ್ಕವಳು, ನಮ್ಮ ಪುಟ್ಟಿ, ಗೊರಕೆ ಹೊಡೆಯುತ್ತಿದ್ದಳು. ನಾಲ್ಕು ವರ್ಷದ ಮಗು ಅಷ್ಟು ಗೊರಕೆ ಹೊಡೆಯುವುದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಪಾರ್ಕಿನ ಉಪಾಯ ಯಜಮಾನರದು. ಮಗುವನ್ನು ಅಳಿಸದೆ ಕಳಿಸಬೇಕಲ್ಲ, ಅದಕ್ಕೆ. ಹೇಗೂ ಬೇಸಿಗೆ ರಜೆ, ಎರಡೂ ಮನೆಯವರು ಸೇರಿ ಮೈಸೂರಿನ ಹತ್ತಿರದ ಪಾರ್ಕಿಗೆ ಹೋಗೋಣ. ಮಗು ದಿನವೆಲ್ಲ ಕುಣಿದು, ನೀರಲ್ಲಿ ಬಿದ್ದು ಸುಸ್ತಾಗುತ್ತದೆ. ವಾಪಸು ಬರುವಾಗ ವ್ಯಾನಿನಲ್ಲಿ ನಿದ್ದೆ ಹೋಗುತ್ತದೆ. ಬಿಳಿಕೆರೆಯವರೆಗೆ ಎರಡೂ ಮನೆಗೆ ಒಂದೇ ದಾರಿ. ಅಲ್ಲಿಂದ ನಾವು ನೇರ ಹುಣಸೂರಿನ ಕಡೆ, ಅವರು ಬಲಕ್ಕೆ ತಿರುಗಿ ಕೆ.ಆರ್. ನಗರದ ಕಡೆ. ಬಿಳಿಕೆರೆಯಲ್ಲಿ ಟೀ ಕುಡಿಯುವ ನೆಪ ಮಾಡಿ ನಿಲ್ಲಿಸಿ, ಮಲಗಿದ ಮಗುವನ್ನು ಹಾಗೇ ಎತ್ತಿ ಭಾವನ ಕಾರಿನಲ್ಲಿ ಮಲಗಿಸಿಬಿಟ್ಟರೆ ಬೆಳಿಗ್ಗೆ ಅದು ಕಣ್ಣು ಬಿಡುವುದು ಭೇರ್ಯದಲ್ಲಿ. “ಅಳು ಇಲ್ಲ, ರಂಪ ಇಲ್ಲ,” ಅಂದರು. ಹೊಗೆಸೊಪ್ಪಿನ ಸಸಿಮಡಿಗೆ ಯಾವ ಕಡೆಯಿಂದ ನೀರು ತಿರುಗಿಸುವುದು ಅನ್ನುವಾಗಲೂ ಅವರ ಧ್ವನಿ ಹೀಗೇ ಇರುತ್ತದೆ. ನಾನು ಹೂಂ ಅಂದೆ.

ಪಕ್ಕದ ಮನೆಯವರ ವ್ಯಾನು ಕೇಳಿ ಪಡೆದು ಯಜಮಾನರೇ ಓಡಿಸಿಕೊಂಡು ಬಂದರು. ಹಿಂದೆ ನಾನು, ಅವ್ವ, ಇಬ್ಬರು ಮಕ್ಕಳು. ಅಕ್ಕನೂ ಭಾವನೂ ತಮ್ಮ ಕಾರಿನಲ್ಲಿ ಬಂದು ಪಾರ್ಕಿನ ಮುಂದೆ ಕಾಯುತ್ತಿದ್ದರು. ಪಾರ್ಕಿನ ಬಾಗಿಲೆಂದರೆ ಒಬ್ಬ ರಾಕ್ಷಸನ ಬಾಯಿ. ಕೆಳಗಿನ ಎರಡು ಕೋರೆಹಲ್ಲಿನ ನಡುವೆ ನಿಂತು ಚೀಟಿ ಹರಿಯುತ್ತಿದ್ದರು. ಅವ್ವ ಬೆಳಗಿನ ಜಾವವೇ ಎದ್ದು ಪುಳಿಯೋಗರೆ, ಮೊಸರನ್ನ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಿದ್ದಳು. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಅಂದರು.

“ಅಷ್ಟು ದೊಡ್ಡ ಬಾಯಿ ಇಟ್ಕೊಂಡು ಒಂದು ಬುತ್ತಿ ಬುಡಕ್ಕಾಗಲ್ವಾ ನಿಮ್ಮ ರಾಕ್ಷಸಂಗೆ?” ಅಂತ ಅವ್ವ ಕೇಳಿದ್ದಕ್ಕೆ ಚೀಟಿ ಹರಿಯುವವನೂ ನಕ್ಕ. ಆದರೆ ಬಿಡಲಿಲ್ಲ. ಚೆಲ್ಲಲು ನಮಗೆ ಮನಸ್ಸು ಬಾರದು. ಗಾಡಿ ನಿಲ್ಲಿಸುವ ಜಾಗದಲ್ಲಿ ಹೊಂಗೆಮರದ ಕೆಳಗೆ ಟವೆಲ್ಲು ಹಾಸಿ, ಬೆಳಿಗ್ಗೆ ತಿಂದ ತಿಂಡಿ ಇನ್ನೂ ಗಂಟಲಲ್ಲೇ ಇರುವಾಗ ಮಧ್ಯಾಹ್ನದ ಊಟ ಮುಗಿಸಿದೆವು. ಅಕ್ಕ ಹಸಿರು ಬಣ್ಣದ ಹೊಸ ಸೀರೆ ಉಟ್ಟಿದ್ದಳು. ನಾನು ಪುಟ್ಟಿಗೆ ಕಲಸಿ ತಿನ್ನಿಸುತ್ತಿದ್ದರೆ ಅವಳು ಎಲೆ ಮೇಲಿನ ಅನ್ನವನ್ನೇ ನೋಡುತ್ತಿದ್ದಳು. ಬೇರೆ ದಿನವಾದರೆ ಮಗುವನ್ನು ಕಿತ್ತುಕೊಂಡು ಮುದ್ದಾಡುತ್ತಿದ್ದವಳು, ಅವತ್ತು ನಾನು ಎದುರಿಗಿದ್ದಾಗ ಒಂದು ಸಲವೂ ಮುಟ್ಟಲಿಲ್ಲ. ನನಗೆ ರೇಗಿಹೋಯಿತು. ಮುಟ್ಟಬಾರದೇನೇ, ನಿನ್ನದೇ ತಾನೇ ಅಂತ ನಾಲಿಗೆಯವರೆಗೂ ಬಂತು. ರೇಗಿದ್ದೂ ಅಲ್ಲೇ ಆರಿಹೋಯಿತು.

ಒಳಗೆ ಕೋಟೆ, ಗುಹೆ, ಬೆಂಕಿ ಬದಲು ಹೊಗೆ ಉಗುಳುವ ಹಸಿರು ಸರ್ಪ. ಕೋಟೆಯ ಮುಂದೆ ರೆಕ್ಕೆ ಕಟ್ಟಿಕೊಂಡ ಕಿನ್ನರರಾಣಿ ನಿಂತಿದ್ದಳು. ಕೈಯಲ್ಲಿ ನಕ್ಷತ್ರದ ಕೋಲು, ಕಾಲಲ್ಲಿ ಹವಾಯಿ ಚಪ್ಪಲಿ. ಬಂದ ಮಕ್ಕಳ ತಲೆಗೆಲ್ಲ ಕೋಲು ಮುಟ್ಟಿಸಿ “ಏನು ವರ ಬೇಕು ಕೇಳು” ಅನ್ನುತ್ತಿದ್ದಳು. ಮಕ್ಕಳು ಸೈಕಲ್ಲು, ಚಾಕೊಲೇಟು ಅನ್ನುತ್ತಿದ್ದವು. ನಮ್ಮ ಪುಟ್ಟಿ ಅವಳ ಬೆನ್ನ ಹಿಂದೆ ಹೋಗಿ ರೆಕ್ಕೆಯನ್ನು ಕೂಲಂಕಷವಾಗಿ ನೋಡಿ ಬಂದು, “ಮಲಗುವಾಗ ಇದ ಬಿಚ್ಚಿ ಮಲಗ್ತೀಯಾ, ಹಾಕ್ಕೊಂಡೇ ಮಲಗ್ತೀಯಾ?” ಅಂತ ಕೇಳಿದಳು.

“ಬಿಚ್ಚಿಟ್ಟೇ ಬಸ್ ಹತ್ತೋದು ಪುಟ್ಟಾ,” ಅಂದಳು ರಾಣಿ. ಆಮೇಲೆ ನಗುತ್ತಾ ಅಕ್ಕನ ಭುಜಕ್ಕೂ ಕೋಲು ಮುಟ್ಟಿಸಿ, “ನೀವೂ ಕೇಳ್ಕೊಳ್ಳಿ ಅಮ್ಮಾ” ಅಂದಳು.

ಅಕ್ಕ ಬೆಚ್ಚಿಬಿದ್ದವಳ ಹಾಗೆ ಹಿಂದೆ ಸರಿದಳು. “ಬ್ಯಾಡ ಕಣವ್ವ, ನಂಗೇನೂ ಬ್ಯಾಡ,” ಅಂದು ನನ್ನ ಮುಖ ನೋಡಿದಳು. ಇನ್ನೊಂದು ವರ ಕೇಳಿದರೆ ಸಿಕ್ಕಿದ್ದೂ ತಪ್ಪಿಹೋದೀತು ಅನ್ನುವ ಭಯ ಅದು. ಅಷ್ಟರಲ್ಲಿ ಫೋಟೋದವನು ಬಂದು ಪುಟ್ಟಿಯನ್ನು ಕೋಟೆ ಮೆಟ್ಟಿಲ ಮೇಲೆ ಕೂರಿಸಿ, “ಮಗೂನ ತಾಯಿ ಪಕ್ಕಕ್ಕೆ ಬನ್ನಿ” ಅಂತ ಕೂಗಿದ. ನಾನೂ ಕದಲಲಿಲ್ಲ, ಅಕ್ಕನೂ ಕದಲಲಿಲ್ಲ. “ಬನ್ನಿ ಮೇಡಂ, ಹಿಂದೆ ಜನ ಇದ್ದಾರೆ” ಅಂತ ಅವನು ಮತ್ತೆ ಕೂಗಿದಾಗ ನನ್ನ ದೊಡ್ಡ ಮಗಳು ಹೋಗಿ ತಂಗಿಯ ಪಕ್ಕ ಕೂತಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಿರಲಿಲ್ಲ. ಎಂಟು ವರ್ಷದವಳು, ಗೋಡೆಗೂ ಕಿವಿ ಇರುವ ಮನೆಯಲ್ಲಿ ಬೆಳೆದವಳು, ಅವಳಿಗೆ ಎಲ್ಲ ಗೊತ್ತಿತ್ತು.

ನೀರಿಗೆ ಇಳಿಯಬೇಕಾದರೆ ನೈಲಾನ್ ಬಟ್ಟೆಯೇ ಹಾಕಬೇಕಂತೆ, ಸೀರೆ ಕೂಡದು. ಬಾಡಿಗೆಗೆ ಅಲ್ಲೇ ಕೊಟ್ಟರು. ಅವ್ವ “ನನ್ನ ಕೈಲಾಗಲ್ಲ ತಾಯಿ” ಅಂದು ದಡದಲ್ಲಿ ಚಪ್ಪಲಿ ಕಾಯುತ್ತಾ ಕೂತಳು, ಅಕ್ಕನೂ ಅವಳ ಪಕ್ಕ ಕೂತಳು. ನಾನು ಜನ್ಮದಲ್ಲಿ ಮೊದಲ ಸಲ ಚಡ್ಡಿ ಹಾಕಿಕೊಂಡು ಯಜಮಾನರ ಎದುರು ಬಂದೆ. ಅವರು ಒಂದು ಸಲ ನೋಡಿ ಆಕಡೆ ತಿರುಗಿ ನಕ್ಕರು. ಬೇರೆ ದಿನವಾಗಿದ್ದರೆ ಆ ನಗುವಿಗೆ ಒಂದು ವಾರ ಅನ್ನ ಹಾಕುತ್ತಿರಲಿಲ್ಲ.

ಒಂದು ಕೊಳದಲ್ಲಿ ಸಮುದ್ರದ ಹಾಗೆ ಅಲೆ ಬರಿಸುತ್ತಾರೆ. ಸೈರನ್ ಕೂಗಿದ ಮೇಲೆ ನೀರು ಎದ್ದು ಬರುತ್ತದೆ, ಜನ ಹೋ ಅಂತಾರೆ. ಪುಟ್ಟಿ ನನ್ನ ಸೊಂಟದ ಮೇಲೆ ಕೂತು, ಎರಡೂ ಕೈಯಿಂದ ಕತ್ತು ಬಿಗಿಯಾಗಿ ಹಿಡಿದಿದ್ದಳು. ಪ್ರತಿ ಅಲೆಗೂ ನನ್ನ ಕಿವಿ ತೂತು ಬೀಳುವಂತೆ ಕಿರುಚುತ್ತಿದ್ದಳು. “ನೀನೂ ಕಿರುಚ್ಕ ಅವ್ವಾ,” ಅಂದಳು. ಬಾಯಿ ತೆರೆದೆ, ಧ್ವನಿ ಬರಲಿಲ್ಲ. ನೀರು ಮುಖಕ್ಕೆ ಹೊಡೆಯಿತು, ಕಣ್ಣು ಉರಿಯಿತು. ನೀರಿಗೆ ಹಾಕಿದ ಬ್ಲೀಚಿಂಗ್ ಪುಡಿಗೆ ಉರಿಯಿತು, ಅಷ್ಟು ಬಿಟ್ಟು ಏನೂ ಆಗಲಿಲ್ಲ. ಇದು ಕೊನೆಯ ಸಲ, ಇದನ್ನಾದರೂ ನೆನಪಿಟ್ಟುಕೋ ಅಂತ ನನಗೆ ನಾನೇ ಹೇಳಿಕೊಂಡೆ. ಯಾರೋ ಬೇರೆಯವರಿಗೆ ಹೇಳಿದ ಹಾಗಿತ್ತು.

ಬಟ್ಟೆ ಬದಲಾಯಿಸುವ ಕೋಣೆಗೆ ಬಂದಾಗ ಅವ್ವನಿಗೆ ತಟ್ಟನೆ ಉಡುದಾರದ ನೆನಪಾಯಿತು. ಮಗುವನ್ನು ಮಡಿಲಿಗೆ ಹಾಕುವಾಗ ನಮ್ಮ ತೌರಿನ ಕಡೆ ಒಂದು ಪದ್ಧತಿ. ಮಗುವಿಗೆ ನೀರು ಹಾಕಿ ಮಡಿ ಮಾಡಿ, ಸೊಂಟದಲ್ಲಿರುವ ಹುಟ್ಟಿದ ಮನೆಯ ಉಡುದಾರವನ್ನು ಹೆತ್ತವಳೇ ತೆಗೆಯಬೇಕು. ಸಾಕುವವಳು ತನ್ನ ಮನೆಯದನ್ನು ಕಟ್ಟಬೇಕು. ಅದನ್ನು ಭೇರ್ಯದಲ್ಲಿ ಸೋಮವಾರ ದೇವರ ಮುಂದೆ ಮಾಡುವುದು ಅಂತ ಮಾತಾಗಿತ್ತು. ಹಾಗೆ ಮಾಡಿದರೆ ನಾನು ಅಲ್ಲಿಗೆ ಬರಬೇಕಾಗುತ್ತದೆ, ನಾನು ಬಂದರೆ ಮಗು ನನ್ನ ಹಿಂದೆ ಬೀಳುತ್ತದೆ ಅನ್ನುವುದು ಅವ್ವನಿಗೆ ಹೊಳೆದದ್ದು ಆ ಒದ್ದೆ ಕೋಣೆಯಲ್ಲಿ.

“ಇಲ್ಲೇ ಮುಗಿಸ್ಬುಡಿ,” ಅಂದಳು. “ಮೈ ತುಂಬ ನೀರು ಬಿದ್ದದೆ. ಮಡಿಯಾಗವಳೆ.”

“ಅವ್ವಾ, ಆ ನೀರಲ್ಲಿ ಮೂರು ಜಿಲ್ಲೆ ಜನ ಬಿದ್ದು ಎದ್ದವ್ರೆ!” ಅಂದೆ.

“ನಮ್ಮೂರ ಕೆರೆಲಿ ಎಮ್ಮೆ ಬಿದ್ಕೊಂಡಿರ್ತವೆ. ಅದ್ರಲ್ಲಿ ಮಿಂದು ನಾವು ಪೂಜೆ ಮಾಡಲ್ವಾ? ಸುಮ್ಕೆ ತೆಗಿಯಮ್ಮಿ.”

ಸುತ್ತ ಗುರುತಿಲ್ಲದ ಹೆಂಗಸರು ತಲೆ ಒರೆಸಿಕೊಳ್ಳುತ್ತಿದ್ದರು, ಮಕ್ಕಳು ಅಳುತ್ತಿದ್ದವು. ಪುಟ್ಟಿಯನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅವಳು ಹುಟ್ಟಿದಾಗ ನನ್ನ ಅತ್ತೆ ಕರಿದಾರ ಕಟ್ಟಿದ್ದರು, ಬೆಳೆದಂತೆ ನಾನು ಬದಲಾಯಿಸುತ್ತಾ ಬಂದಿದ್ದೆ. ನೀರು ಕುಡಿದು ಗಂಟು ಕಲ್ಲಿನಂತಾಗಿತ್ತು. ಉಗುರು ಹಾಕಿದೆ, ಬರಲಿಲ್ಲ. ಅಕ್ಕ ಬಳೆಯಿಂದ ಪಿನ್ನು ಬಿಚ್ಚಿಕೊಟ್ಟಳು, ಅದು ಬಾಗಿತು. ಕತ್ತರಿ ಎಲ್ಲಿಂದ ತರುವುದು? ಕೊನೆಗೆ ಬಗ್ಗಿ ಹಲ್ಲಿನಿಂದ ಕಚ್ಚಿದೆ. ಮಗುವಿನ ಹೊಟ್ಟೆ ತಣ್ಣಗಿತ್ತು. “ಅವ್ವಾ, ಕಚಗುಳಿ ಆಯ್ತದೆ” ಅಂತ ಅವಳು ನುಲಿಯುತ್ತಾ ನನ್ನ ಕೂದಲು ಹಿಡಿದು ನಕ್ಕಳು. ದಾರ ಕಹಿಯಾಗಿತ್ತು. ಎಷ್ಟೋ ದಿನದ ಮೇಲೆ ನನ್ನ ನಾಲಿಗೆಗೆ ತಿಳಿದ ಮೊದಲ ರುಚಿ ಅದು. ಮೂರು ನಾಲ್ಕು ಸಲ ಕಚ್ಚಿದ ಮೇಲೆ ಹರಿಯಿತು.

ಸೋಮವಾರಕ್ಕೆಂದು ಕೊಂಡು ಜೊತೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ ಬೆಳ್ಳಿ ಉಡುದಾರವನ್ನು ಅಕ್ಕ ಸೆರಗಿನ ಗಂಟಿನಿಂದ ತೆಗೆದಳು. ಎಷ್ಟು ಸಲ ಒತ್ತಿದರೂ ಅವಳಿಗೆ ಕೊಂಡಿ ಸೇರಿಸಲು ಆಗಲಿಲ್ಲ. “ಹೊಸದಾ? ನಮ್ಮಕ್ಕಂಗೆಲ್ಲಿ?” ಅಂತ ಪುಟ್ಟಿ ಕೇಳಿದಳು. ಅಷ್ಟಕ್ಕೇ ಅಕ್ಕ ಆ ಹೊಸ ಸೀರೆಯಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಿಸಿಬಿಟ್ಟಳು.

“ನಿಂಗೆ ಬ್ಯಾಡ ಅನ್ಸುದ್ರೆ ಈಗ್ಲೂ ಕರ್ಕೊಂಡೋಗ್ಬುಡು ಕಣೇ,” ಅಂದಳು ಬಿಕ್ಕುತ್ತಾ. “ನಾನೇನೂ ಅನ್ಕಳಲ್ಲ. ಸತ್ಯವಾಗ್ಲೂ ಅನ್ಕಳಲ್ಲ.”

ಅವಳು ಮನಸ್ಸಿನಿಂದಲೇ ಹೇಳಿದಳು. ನನ್ನಕ್ಕ ಸುಳ್ಳು ಹೇಳುವವಳಲ್ಲ. ನಾನು ಬೇಡ ಅಂದಿದ್ದರೆ ಅವಳು ಎದ್ದು ಮುಖ ತೊಳೆದುಕೊಂಡು ಭೇರ್ಯಕ್ಕೆ ಹೋಗಿ ಮತ್ತೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಬೇಡ ಅನ್ನಬೇಕು ಅಂತ ನನಗೆ ಅನ್ನಿಸಲಿಲ್ಲ. ಕೊಡಬೇಕು ಅಂತಲೂ ಅನ್ನಿಸಲಿಲ್ಲ. ಅನ್ನಿಸುವುದೇ ನಿಂತುಹೋಗಿತ್ತು. ಕೊಂಡಿಯನ್ನು ನಾನೇ ಸೇರಿಸಿಬಿಡೋಣ ಅಂತ ಕೈ ಹೋಯಿತು, ಅವ್ವ ಆ ಕೈ ಮೇಲೆ ಒಂದೇಟು ಹಾಕಿದಳು.

“ಮಾತು ಆಗೋಗದೆ,” ಅಂದೆ ಅಕ್ಕನಿಗೆ. “ಏಳು, ನೆಲ ಜಾರ್ತದೆ. ನೀನೇ ಕಟ್ಟು. ಬಟ್ಟೆ ಹಾಕು ಮಗೂಗೆ, ಚಳಿ ಆಯ್ತದೆ.” ಫ್ರಾಕನ್ನು ಅವಳ ಕೈಗೆ ಕೊಟ್ಟು ನಾನು ಬಾಡಿಗೆ ಬಟ್ಟೆ ವಾಪಸು ಮಾಡಲು ಹೋದೆ.

ಸಂಜೆ ಹೊರಟಾಗ ಪುಟ್ಟಿ ಸುಸ್ತಾಗಿರಲೇ ಇಲ್ಲ. ಅವಳನ್ನು ದಣಿಸಬೇಕು ಅಂತ ಯಜಮಾನರು ಹಸಿರು ಸರ್ಪದಲ್ಲಿ ಮೂರು ಸಲ ಕೂರಿಸಿ, ಆಮೇಲೆ ತಾವಾಗಿಯೇ ಬೊಂಬಾಯಿ ಮಿಠಾಯಿಯನ್ನೂ ಕೊಡಿಸಿದ್ದರು. ಅಷ್ಟು ಸಕ್ಕರೆ ತಿಂದ ಮಗು ಮಲಗೀತೇ? ವ್ಯಾನಿನಲ್ಲಿ ನನ್ನ ತೊಡೆಯ ಮೇಲೆ ನಿಂತು, ಹಿಂದೆ ಬರುತ್ತಿದ್ದ ಭಾವನ ಕಾರಿಗೆ ನಾಲಿಗೆ ಚಾಚುತ್ತಿತ್ತು. ಅವ್ವ ಬೆನ್ನು ತಟ್ಟಿದಳು. ಯಜಮಾನರು ರೇಡಿಯೋ ಆರಿಸಿದರು. ದೊಡ್ಡವಳು, “ನೋಡು, ನಾನೂ ಮಲಗ್ತೀನಿ” ಅಂತ ಕಣ್ಣು ಮುಚ್ಚಿ ನಟಿಸಿದಳು. ಇಲವಾಲ ದಾಟಿತು. ಪುಟ್ಟಿ “ಒಂದಲೆ ಬಂತು, ಎರಡಲೆ ಬಂತು” ಅಂತ ತನ್ನದೇ ಹಾಡು ಕಟ್ಟಿಕೊಂಡಿದ್ದಳು. ನಾನು ಅವಳನ್ನು ಎಳೆದು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟತೊಡಗಿದೆ. ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು. ಅವಳ ತಲೆಯಿಂದ ಬ್ಲೀಚಿಂಗ್ ವಾಸನೆ ಬರುತ್ತಿತ್ತು. ಮಲಗು ಮಲಗು ಅಂತ ತಟ್ಟುತ್ತಲೇ ಇದ್ದೆ.

ಎಚ್ಚರವಾದದ್ದು ಬಸ್ಸಿನ ಹಾರ್ನಿಗೆ. ಹುಣಸೂರು. ಕತ್ತು ಹಿಡಿದುಕೊಂಡಿತ್ತು, ಬಾಯಿಂದ ಜೊಲ್ಲು ಇಳಿದಿತ್ತು. ತೊಡೆಯ ಮೇಲೆ ಮಡಿಸಿದ ಟವೆಲ್ಲು ಇತ್ತು. ಅವ್ವ ಕೂತಿದ್ದ ಜಾಗ ಖಾಲಿ. ವಾರಗಟ್ಟಲೆ ಬಾರದಿದ್ದ ನಿದ್ದೆ ಅದೇ ಹೊತ್ತಿಗೆ ಬಂದು ನನ್ನನ್ನು ಕೆಡವಿತ್ತು.

“ಪುಟ್ಟಿ ಎಲ್ಲಿ?” ಅಂದೆ. ಗೊತ್ತಿದ್ದೂ ಕೇಳಿದೆ.

“ದೊಡ್ಡವ್ವನ ಕಾರಲ್ಲಿ ಓದ್ಲು,” ಅಂದಳು ದೊಡ್ಡ ಮಗಳು. “ಅಜ್ಜಿನೂ ಓದ್ರು.”

“ಅತ್ತಳಾ?”

“ಇಲ್ಲ. ಅವಳು ಮಲಗ್ಲೇ ಇಲ್ಲ ಕಣವ್ವ. ನೀನೇ ಮಲಗ್ಬುಟ್ಟೆ. ಅಪ್ಪ ನಿನ್ನ ಎಬ್ಬಿಸಕ್ಕೆ ಬಂದ್ರು, ಅವಳು ಬಾಯಿ ಮೇಲೆ ಬೆಟ್ಟು ಇಟ್ಕಂಡು ಶ್... ಅವ್ವ ಮಲಗವಳೆ, ಎಬ್ಬಿಸ್ಬೇಡಿ ಅಂದ್ಲು. ಮೆತ್ತಗೆ ಇಳಿದು, ಸದ್ದಾಗ್ಬಾರ್ದು ಅಂತ ಚಪ್ಪಲಿ ಕೈಲಿಡ್ಕಂಡು ನಡ್ಕಂಡೋದ್ಲು.”

ಯಜಮಾನರು ಹಿಂದೆ ತಿರುಗಲಿಲ್ಲ. ಅವರ ಕಿವಿ ಕೆಂಪಾಗಿತ್ತು. ಅಳುತ್ತಿದ್ದರೋ ಏನೋ, ನಾನು ಕೇಳಲಿಲ್ಲ. ಮನೆಗೆ ಬಂದು ಸಸಿಮಡಿಗೆ ನೀರು ಹಾಯಿಸಲು ಹೋದರು. ನಾನು ಹಸು ಕರೆದೆ, ಅನ್ನಕ್ಕಿಟ್ಟೆ.

ಅಕ್ಕ ಆ ಮಗುವನ್ನು ನನಗಿಂತ ಚೆನ್ನಾಗಿ ಬೆಳೆಸುತ್ತಿದ್ದಾಳೆ. ಅದರಲ್ಲಿ ಎರಡು ಮಾತಿಲ್ಲ. ಅಕ್ಕನ ಮುಖದಲ್ಲೂ ಈಗ ಕಳೆ ಬಂದಿದೆ. ಪುಟ್ಟಿ ಅವಳನ್ನು ಅವ್ವ ಅನ್ನುತ್ತಾಳೆ, ನನ್ನನ್ನು ಚಿಕ್ಕವ್ವ ಅನ್ನುತ್ತಾಳೆ. ಕರೆದಾಗ ಹೂಂ ಅನ್ನುವುದು ನನಗೂ ಅಭ್ಯಾಸವಾಗಿದೆ.

ಆದರೆ ಪಾರ್ಕಿಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ ಭಾವನ ಫೋನು ಬಂತು. ಕೆಲವು ದಿನ ನನ್ನ ಧ್ವನಿ ಮಗುವಿನ ಕಿವಿಗೆ ಬೀಳಬಾರದು, ಬಿದ್ದರೆ ಒಗ್ಗುವುದಿಲ್ಲ ಅಂತ ಅವ್ವ ಕಟ್ಟಪ್ಪಣೆ ಮಾಡಿದ್ದಳು. ಹಾಗಾಗಿ ಯಜಮಾನರು ಸ್ಪೀಕರ್ ಹಾಕಿ ಹಿಡಿದರು. ನಾನು ಪಕ್ಕದಲ್ಲಿ ಹಾಲಿನ ಚೊಂಬು ಹಿಡಿದು ನಿಂತಿದ್ದೆ.

“ಅಪ್ಪಾ, ಅವ್ವ ಎದ್ದಳಾ?” ಅಂದಳು ಪುಟ್ಟಿ.

ಯಜಮಾನರು ನನ್ನ ಕಡೆ ನೋಡಿದರು. ನಾನು ಇಲ್ಲ ಅಂತ ತಲೆಯಾಡಿಸಿದೆ.

“ಇಲ್ಲ ಕಂದ. ಇನ್ನೂ ಮಲಗವಳೆ.”

“ಸರಿ, ಎಬ್ಬಿಸ್ಬೇಡ. ಎದ್ಮೇಲೆ ನನ್ನ ಕರ್ಕೊಂಡೋಗಕ್ಕೆ ಬರ್ಲಿ.”

ಅದರ ಮಾರನೆಯ ಬೆಳಿಗ್ಗೆಯೂ ಕೇಳಿದಳು. ಅದರಾಚೆಯ ಬೆಳಿಗ್ಗೆಯೂ ಕೇಳಿದಳು. ನಾನು ಮಲಗಿಯೇ ಇದ್ದೆ. ಸ್ಕೂಲು ಶುರುವಾಗುವ ಹೊತ್ತಿಗೆ ಒಂದು ದಿನ ಫೋನು ಬಂತು. ಹೊಸ ಬ್ಯಾಗಿನ ವಿಷಯ ಹೇಳಿದಳು, ಬೆಕ್ಕು ಮರಿ ಹಾಕಿದ ವಿಷಯ ಹೇಳಿದಳು. ಎಲ್ಲ ಹೇಳಿದಳು, ಅವ್ವ ಎದ್ದಳಾ ಅಂತ ಮಾತ್ರ ಕೇಳಲಿಲ್ಲ. ಯಜಮಾನರು ಕಾದರು. ನಾನೂ ಕಾದೆ. ಆಮೇಲೆ ಅವರೇ ತಡೆಯಲಾರದೆ, “ಅವ್ವ ಎದ್ದವಳೆ ಕಣಮ್ಮಿ, ಇಲ್ಲೇ ಅವಳೆ, ಮಾತಾಡ್ತೀಯಾ?” ಅಂದುಬಿಟ್ಟರು.

ಆ ಕಡೆಯಿಂದ ಅಕ್ಕನ ಧ್ವನಿ ಬಂತು. “ಆಡಕ್ಕೆ ಓಡೋದ್ಲಲ್ಲ. ಕರೀಲಾ?”

ನಾನು ಫೋನು ತೆಗೆದುಕೊಂಡೆ. “ಬ್ಯಾಡ ಬುಡಕ್ಕ,” ಅಂದೆ, “ಆಡ್ಕಳ್ಳಿ.”